ಗಣಕಯಂತ್ರ ಬರೆಯುವ ಸೇವಾ ಕರಾರು

ಈ ಸಲದ ಮಹಾಸಭೆಯ ಕಾರ್ಯಸೂಚಿಯಲ್ಲಿ "ಸದಸ್ಯರ ಯಂತ್ರೋಪಕರಣಗಳ ವಾರ್ಷಿಕ ಸೇವಾ ಕರಾರುಗಳನ್ನು ತಂತ್ರಾಂಶದ ಮೂಲಕ ಮಾಡಿಕೊಳ್ಳುವ ಬಗ್ಗೆ" ಎಂಬ ಒಂದು ಸಾಲು ಇರುತ್ತದೆ. ಇಂತಹ ಸಾಲುಗಳು ಸಾಮಾನ್ಯವಾಗಿ ಸಭೆಯ ಕೊನೆಗೆ, ಊಟದ ಎಲೆ ಹಾಕುವ ಹೊತ್ತಿಗೆ ಬರುತ್ತವೆ. ಯಾರೋ ಒಬ್ಬರು ಸೂಚಿಸುತ್ತಾರೆ, ಇನ್ನೊಬ್ಬರು ಅನುಮೋದಿಸುತ್ತಾರೆ, ಉಳಿದವರು ಕೈ ತೊಳೆಯಲು ಏಳುತ್ತಾರೆ. ಈ ವಿಷಯವನ್ನು ಹಾಗೆ ಏಳುತ್ತ ಏಳುತ್ತ ಮುಗಿಸುವಂತಿಲ್ಲವೆಂದು ನಮಗೆ ತೋರಿರುವುದರಿಂದ, ಸಭೆಗೆ ಮುಂಚೆಯೇ ನಮ್ಮ ಅಭಿಪ್ರಾಯವನ್ನು ಸದಸ್ಯ ಬಾಂಧವರ ಮುಂದಿಡುತ್ತಿದ್ದೇವೆ.

ಪ್ರಸ್ತಾಪ ಇಷ್ಟು. ಔಷಧಿ ಸಿಂಪಡಿಸುವ ಪಂಪು, ಕಾಫಿ ಪಲ್ಪರ್, ಅಡಿಕೆ ಸುಲಿಯುವ ಯಂತ್ರ, ಸ್ಪ್ರಿಂಕ್ಲರ್ ಮೋಟಾರು ಮುಂತಾದವನ್ನು ನಮ್ಮ ಸದಸ್ಯರಿಗೆ ಮಾರುವ ವ್ಯಾಪಾರಿ ಸಂಸ್ಥೆಯೊಂದು ಮುಂದೆ ಬಂದಿದೆ. ಸಂಘದ ಸದಸ್ಯರ ಪಟ್ಟಿ ನಮ್ಮ ಗಣಕಯಂತ್ರದಲ್ಲಿದೆ. ಅವರ ವ್ಯಾಪಾರದ ಲೆಕ್ಕ ಅವರ ಗಣಕಯಂತ್ರದಲ್ಲಿದೆ. ಎರಡನ್ನೂ ಎಪಿಐ ಎಂಬ ಜೋಡಣೆಯಿಂದ ಸೇರಿಸಿಬಿಟ್ಟರೆ, ಸದಸ್ಯರು ಯಂತ್ರ ಕೊಂಡ ಬಿಲ್ಲು ದಾಖಲಾದ ದಿನವೇ ಅವರ ಹೆಸರಿನಲ್ಲಿ ಒಂದು ಸೇವಾ ಕರಾರು ತಾನಾಗಿಯೇ ಸಿದ್ಧವಾಗುತ್ತದೆ. ವರ್ಷದ ಶುಲ್ಕ ಅವರ ಅಡಿಕೆ ಅಥವಾ ಕಾಫಿ ಬಾಬ್ತಿನಿಂದ ಕಳೆಯಲ್ಪಡುತ್ತದೆ. ವಾಯಿದೆ ಮುಗಿದೊಡನೆ ಕರಾರು ತಾನಾಗಿಯೇ ನವೀಕರಣವಾಗುತ್ತದೆ. ಯಾರೂ ಏನನ್ನೂ ಬರೆಯಬೇಕಾಗಿಲ್ಲ, ಯಾರೂ ಕಚೇರಿಗೆ ಅಲೆಯಬೇಕಾಗಿಲ್ಲ, ಕಾರ್ಯದರ್ಶಿಯ ಕೆಲಸವೂ ಹಗುರಾಗುತ್ತದೆ ಎಂದು ಅವರ ವಿವರಣೆ. ನಮ್ಮ ಕೆಲಸ ಹಗುರ ಮಾಡುತ್ತೇವೆನ್ನುವವರ ಮೇಲೆ ನಮಗೆ ಸಹಜವಾಗಿಯೇ ಪ್ರೀತಿ. ಆದರೂ ಕಾಗದಪತ್ರಗಳನ್ನು ತರಿಸಿ ಓದಿದೆವು.

ಮೊದಲು ಎಪಿಐ ಎಂದರೇನೆಂದು ಹೇಳಿಬಿಡುವುದು ಒಳ್ಳೆಯದು. ಹೆಸರು ಕೇಳಿ ಹಿಂಜರಿಯುವಂಥದ್ದೇನೂ ಅದರಲ್ಲಿಲ್ಲ. ತೋಟದ ರೈಟರು ಒಂದು ಚೀಟಿ ಬರೆದು ಹುಡುಗನ ಕೈಯಲ್ಲಿ ಸಂಘದ ಗೋದಾಮಿಗೆ ಕಳಿಸುತ್ತಾರೆ: "ಇಂಥವರ ಲೆಕ್ಕಕ್ಕೆ ಮೈಲುತುತ್ತ ಇಷ್ಟು ಕಿಲೋ ಕೊಡುವುದು." ಗೋದಾಮಿನ ಕಿಂಡಿಯಲ್ಲಿ ಕೂತವರು ಚೀಟಿಯಲ್ಲಿ ಹೆಸರು, ಖಾತೆ ಸಂಖ್ಯೆ, ತೂಕ ಸರಿಯಾಗಿ ಇವೆಯೇ ಎಂದು ನೋಡಿ ಸರಕು ಕೊಟ್ಟು ರಸೀದಿ ಸಂಖ್ಯೆ ಬರೆದು ಕಳಿಸುತ್ತಾರೆ. ಎಪಿಐ ಅಂತಹ ಒಂದು ಕಿಂಡಿ. ಒಂದು ತಂತ್ರಾಂಶ ಇನ್ನೊಂದಕ್ಕೆ ಚೀಟಿ ಕಳಿಸುತ್ತದೆ. ಆ ಕಡೆಯದು ಅಂಕಣಗಳೆಲ್ಲ ತುಂಬಿವೆಯೇ ಎಂದು ನೋಡಿ, ಕರಾರನ್ನು ದಾಖಲಿಸಿ, ಕರಾರು ಸಂಖ್ಯೆಯನ್ನು ವಾಪಸು ಕಳಿಸುತ್ತದೆ. ವ್ಯತ್ಯಾಸವೊಂದೇ. ಗೋದಾಮಿನ ಕಿಂಡಿಯಲ್ಲಿರುವವರು ನಮ್ಮವರು. ಚೀಟಿಯಲ್ಲಿ 5 ಕಿಲೋ ಬದಲು 500 ಕಿಲೋ ಎಂದಿದ್ದರೆ "ಇದೇನಪ್ಪ, ನಿಮ್ಮ ಧಣಿಗಳ ತೋಟ ಇರುವುದೇ ಎರಡು ಎಕರೆ" ಎಂದು ಕೇಳುತ್ತಾರೆ. ಗಣಕಯಂತ್ರದ ಕಿಂಡಿ ಅಂಕಣ ತುಂಬಿದೆಯೋ ಇಲ್ಲವೋ ಎಂಬುದನ್ನಷ್ಟೇ ನೋಡುತ್ತದೆ. ನ್ಯಾಯವಾಗಿ ತುಂಬಿದೆಯೇ ಎಂದು ಕೇಳುವ ಕೆಲಸ ಅದರದಲ್ಲ.

ಅಂಕಣಗಳಾದರೂ ಯಾವುವು? ಇಲ್ಲಿಯೇ ವಿಷಯದ ಜೀವಾಳವಿದೆ. ಮಧ್ಯಮ ಗಾತ್ರದ ವ್ಯಾಪಾರಗಳಲ್ಲಿ ಬಳಕೆಯಲ್ಲಿರುವ ಎಸ್‌ಎಪಿ ಬಿಸಿನೆಸ್ ಒನ್ ಎಂಬ ತಂತ್ರಾಂಶವನ್ನೇ ತೆಗೆದುಕೊಳ್ಳಿ. ಹೊರಗಿನ ತಂತ್ರಾಂಶವೊಂದು ಅದರ ಎಪಿಐ ಮೂಲಕ ಸೇವಾ ಕರಾರನ್ನು ಬರೆಯಬಹುದು. ಗಿರಾಕಿಯ ಸಂಖ್ಯೆ, ಆರಂಭದ ದಿನಾಂಕ, ಮುಕ್ತಾಯದ ದಿನಾಂಕ. ಕರಾರು ಗಿರಾಕಿಯ ಇಡೀ ಲೆಕ್ಕಕ್ಕೋ, ಒಂದು ಜಾತಿಯ ಯಂತ್ರಗಳಿಗೋ, ಅಥವಾ ಕ್ರಮಸಂಖ್ಯೆಯಿಂದ ಗುರುತಿಸಿದ ಒಂದೇ ಯಂತ್ರಕ್ಕೋ. ವಾರದಲ್ಲಿ ಯಾವ ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಸೇವೆ. ದೂರು ಬಂದ ಎಷ್ಟು ಹೊತ್ತಿನಲ್ಲಿ ಉತ್ತರಿಸಬೇಕು, ಎಷ್ಟು ಹೊತ್ತಿನಲ್ಲಿ ಸರಿಪಡಿಸಬೇಕು. ಬಿಡಿಭಾಗ ಸೇರಿದೆಯೇ, ಕೂಲಿ ಸೇರಿದೆಯೇ, ಪ್ರಯಾಣದ ಖರ್ಚು ಸೇರಿದೆಯೇ. ಇದು ವಾರಂಟಿಯೋ ಮಾಮೂಲು ಸೇವೆಯೋ. ನವೀಕರಣ ಉಂಟೋ ಇಲ್ಲವೋ, ಉಂಟಾದರೆ ಎಷ್ಟು ದಿನ ಮುಂಚೆ ಜ್ಞಾಪಿಸಬೇಕು. ಇಷ್ಟಕ್ಕೂ ಅಲ್ಲಿ ಜಾಗವಿದೆ. ಒಂದೊಂದನ್ನೂ ಕೈಯಿಂದ ತುಂಬುವ ತೊಂದರೆ ಬೇಡವೆಂದು ಮೊದಲೇ ಒಂದು ಮಾದರಿಯನ್ನು ಮಾಡಿಟ್ಟುಕೊಳ್ಳುವ ಸೌಕರ್ಯವೂ ಇದೆ. ಮಾದರಿಯಲ್ಲಿ ಬರೆದಿಟ್ಟದ್ದೇ ಎಲ್ಲ ಕರಾರುಗಳಿಗೂ ಇಳಿಯುತ್ತದೆ.

ಒಂದು ಸಂಗತಿಯನ್ನು ಒಪ್ಪಬೇಕು: ತಂತ್ರಾಂಶ ಮಾಡಿದವರು ವಿವೇಕದಿಂದಲೇ ಮಾಡಿದ್ದಾರೆ. ಹಳ್ಳಿಯ ಮೂಲೆಯ ಒಂದು ಪಂಪಿಗೆ ಏನೇನು ಬೇಕಾಗಬಹುದೋ ಅದಕ್ಕೆಲ್ಲ ಅಲ್ಲಿ ಅಂಕಣವಿದೆ. ತೊಂದರೆ ಅಂಕಣದ್ದಲ್ಲ. ಮಾದರಿಯನ್ನು ತುಂಬುವವರು ಪೇಟೆಯಲ್ಲಿ ಕೂತು ಪೇಟೆಯ ಕಣ್ಣಿನಿಂದ ತುಂಬುತ್ತಾರೆ. ಅದರ ಪರಿಣಾಮವನ್ನು ಅನುಭವಿಸುವವರು ಬೇರೆ ಕಡೆ ಇರುತ್ತಾರೆ.

ಇದು ಊಹೆಯ ಮಾತಲ್ಲ. ನಮ್ಮ ಮುಂದೆ ಬಂದಿರುವಂತಹುದೇ ಏರ್ಪಾಡು ಕಲಬುರಗಿಯ ಕಡೆ ಆಗಲೇ ನಡೆದಿದೆಯೆಂದು ತಿಳಿದು, ಸಂಘದ ಇಬ್ಬರು ನಿರ್ದೇಶಕರೊಡನೆ ನಾವು ಅಲ್ಲಿಗೆ ಹೋಗಿ ಬಂದೆವು. ಮಲೆನಾಡಿನವರಿಗೆ ಕಲಬುರಗಿಯಲ್ಲಿ ಕಲಿಯುವುದೇನಿದೆ ಎಂದು ಕೆಲವರು ಹುಬ್ಬೇರಿಸಿದ್ದುಂಟು. ನಮ್ಮಲ್ಲಿ ಅಡಿಕೆ ಮಂಡಿ ಹೇಗೋ ಅಲ್ಲಿ ತೊಗರಿಯ ನೆಹರು ಗಂಜ್ ಹಾಗೆ. ನಗರದ ಸುತ್ತ ಬೇಳೆ ಗಿರಣಿಗಳು. ಬೇಳೆಯ ಬಣ್ಣ ನೋಡಿ ಬೇರ್ಪಡಿಸುವ ಯಂತ್ರ, ವಿದ್ಯುನ್ಮಾನ ತಕ್ಕಡಿ, ಲಾರಿ ತೂಗುವ ವೇಬ್ರಿಜ್ ಇವೆಲ್ಲ ಅವರಿಗೆ ಹಳೆಯ ಪರಿಚಯ. ಯಂತ್ರ ಎಲ್ಲಿ ಹೆಚ್ಚೋ ಅಲ್ಲಿ ಸೇವಾ ಕರಾರು ಹೆಚ್ಚು. ಗಿರಣಿಯವರಿಗೆ ಅದು ಅನುಕೂಲವಾಗಿಯೇ ಇದೆ. ಗಿರಣಿಯೂ ನಗರದಲ್ಲಿ, ಮೆಕ್ಯಾನಿಕ್ಕೂ ನಗರದಲ್ಲಿ, ಕೆಲಸದ ವೇಳೆಯೂ ಇಬ್ಬರದೂ ಒಂದೇ.

ನಗರದಿಂದ ಹುಮನಾಬಾದ್ ರಸ್ತೆಯಲ್ಲಿ ಸುಮಾರು 35 ಕಿ.ಮೀ. ಹೋದರೆ ಕಮಲಾಪುರ. ಅಲ್ಲಿನ ಕೆಂಪು ಬಾಳೆಯ ಹೆಸರನ್ನು ನಮ್ಮ ಸದಸ್ಯರು ಕೇಳಿರಬಹುದು. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಬೆಳೆ ಅದು. ಕಮಲಾಪುರ, ರಾಜನಾಳ ಮೊದಲಾದ ಕೆಲವೇ ಊರುಗಳ ಮಣ್ಣಿಗೆ ಒಗ್ಗಿದ್ದು, ಗೊಬ್ಬರ ಬೇಡುವುದು, ನೀರು ಬೇಡುವುದು, ಕೊಯ್ಲಿಗೆ ಬರಲು ಒಂದೂವರೆ ವರ್ಷದ ಹತ್ತಿರ ಹಿಡಿಯುವುದು. ಬೇಸಗೆಯ ಬಿಸಿಲು 40 ಡಿಗ್ರಿ ದಾಟುವ ಸೀಮೆಯಲ್ಲಿ ಬಾಳೆಗೆ ನೀರು ನಿಂತರೆ ಏನಾಗುತ್ತದೆಂದು ತೋಟದವರಿಗೆ ವಿವರಿಸಬೇಕಾಗಿಲ್ಲ. ಪಂಪು, ಹನಿ ನೀರಾವರಿಯ ಸೋಸುಪಾತ್ರೆ, ಸ್ಟಾರ್ಟರ್ ಪೆಟ್ಟಿಗೆ ಇವು ಅಲ್ಲಿನ ಸಣ್ಣ ಬೆಳೆಗಾರರ ಪ್ರಾಣ. ಆ ಯಂತ್ರಗಳ ಕರಾರುಗಳು ಹುಟ್ಟುವುದು ನಗರದ ಅಂಗಡಿಯ ಗಣಕಯಂತ್ರದಲ್ಲಿ. ಗಿರಣಿಗಳಿಗೆ ಮಾಡಿದ ಮಾದರಿಯೇ ಬಾಳೆ ತೋಟಕ್ಕೂ ಇಳಿದಿದೆ.

ಆ ಕಾಗದಗಳಲ್ಲಿ ಕೆಲವನ್ನು ಬೆಳೆಗಾರರು ನಮಗೆ ತೋರಿಸಿದರು. ಸೇವೆಯ ವೇಳೆ ಸೋಮವಾರದಿಂದ ಶನಿವಾರ, ಬೆಳಿಗ್ಗೆ 10ರಿಂದ ಸಂಜೆ 6. ಪಂಪ್‌ಸೆಟ್ಟಿಗೆ ದಿನಕ್ಕೆ 7 ಗಂಟೆ ತ್ರೀ ಫೇಸ್ ಕರೆಂಟು ಎಂಬುದು ನಮ್ಮ ರಾಜ್ಯದ ಪದ್ಧತಿ. ಅದೂ ಪಾಳಿಯಂತೆ, ಎಷ್ಟೋ ಸಲ ರಾತ್ರಿ. ರಾತ್ರಿ ಮೋಟಾರು ಸುಟ್ಟರೆ ದೂರು ದಾಖಲಾಗುವುದು ಮರುದಿನ 10ಕ್ಕೆ. ಆ 10ರಿಂದ 48 ಗಂಟೆ ಎಣಿಕೆ. ಅದೂ ಉತ್ತರ ಕೊಡುವುದಕ್ಕೆ. ಸರಿಪಡಿಸುವುದಕ್ಕೆ ಎಷ್ಟು ಹೊತ್ತೆಂಬ ಅಂಕಣ ಖಾಲಿ. ಒಬ್ಬ ಬೆಳೆಗಾರರು ನಮಗೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಕರೆಂಟ ಬರೋದು ರಾತ್ರಿ, ಇವರ ಕಾಗದದಾಗ ಮುಂಜಾನಿ ಹತ್ತು ಅಂತ ಅದ. ಬಾಳಿಗಿ ಕಾಗದ ತಿಳೀತದೇನ್ರಿ?"

ಕೂಲಿ ಸೇರಿದೆ ಎಂದು ಕಾಗದದಲ್ಲಿತ್ತು. ಪ್ರಯಾಣ ಸೇರಿಲ್ಲ ಎಂದೂ ಇತ್ತು. ನಗರದ ಗಿರಣಿಗೆ ಈ ಅಂಕಣದಿಂದ ನಷ್ಟವಿಲ್ಲ. ಕಮಲಾಪುರಕ್ಕೆ ಹೋಗಿ ಬರಲು 70 ಕಿ.ಮೀ.; ಕಿ.ಮೀ.ಗೆ 15 ರೂಪಾಯಿ ಎಂದಿಟ್ಟುಕೊಂಡರೂ ಒಂದು ಸಲ ಬಂದರೆ 1,050 ರೂಪಾಯಿ. ಮೊದಲ ಸಲ ಬಂದು ನೋಡಿ, ಬಿಡಿಭಾಗ ತರಲು ಹೋಗಿ, ಮತ್ತೊಮ್ಮೆ ಬಂದರೆ ಅದರ ಎರಡರಷ್ಟು. ಸೇವೆ ಪುಕ್ಕಟೆ ಎಂದು ನಂಬಿದವರು ದಾರಿಗೆ ದುಡ್ಡು ತೆರುತ್ತಾರೆ.

ಎಲ್ಲಕ್ಕಿಂತ ನಮ್ಮನ್ನು ಕಂಗೆಡಿಸಿದ್ದು ಆರಂಭದ ದಿನಾಂಕ. ಬಿಲ್ಲಿನ ದಿನಾಂಕವೇ ಕರಾರಿನ ಆರಂಭ. ಹೊಸ ಯಂತ್ರಕ್ಕೆ ತಯಾರಕರದೇ ಒಂದು ವರ್ಷದ ವಾರಂಟಿ ಇರುವಾಗ, ಅದೇ ವರ್ಷಕ್ಕೆ ದುಡ್ಡು ಕೊಟ್ಟು ಸೇವಾ ಕರಾರು ಏಕೆ? ವಾರಂಟಿಯ ಅಂಕಣವೂ ಮಾಮೂಲು ಸೇವೆಯ ಅಂಕಣವೂ ತಂತ್ರಾಂಶದಲ್ಲಿ ಬೇರೆ ಬೇರೆಯಾಗಿಯೇ ಇವೆ. ಚೀಟಿ ಬರೆದವರು ಎರಡನೆಯದನ್ನು ಮೊದಲನೆಯದರ ಮೇಲೆ ಹೇರಿದ್ದಾರೆ. ಲೆಕ್ಕ ಹಾಕಿ ನೋಡೋಣ. ವರ್ಷದ ಶುಲ್ಕ 3,000 ರೂಪಾಯಿ ಎಂದಿಟ್ಟುಕೊಳ್ಳಿ. ದುರಸ್ತಿ ಸೇವೆಗೆ ಜಿಎಸ್‌ಟಿ ಶೇಕಡ 18ರಂತೆ 540. ಒಟ್ಟು 3,540. ನಮ್ಮಂತಹ ಸಂಘದಲ್ಲಿ 400 ಸದಸ್ಯರು ಯಂತ್ರ ಕೊಂಡರೆ 14,16,000 ರೂಪಾಯಿ, ವಾರಂಟಿಯಲ್ಲಿ ಹೇಗೂ ಸಿಗಬೇಕಾದ ಸೇವೆಗಾಗಿ, ಬೆಳೆಯ ಬಾಬ್ತಿನಿಂದ ಹೊರಟುಹೋಗುತ್ತದೆ. ಒಬ್ಬೊಬ್ಬರ ಲೆಕ್ಕದಲ್ಲಿ ಅದು ಒಂದು ಸಾಲು. ಹಾಗಾಗಿ ಯಾರೂ ಜಗಳವಾಡುವುದಿಲ್ಲ.

ಕಮಲಾಪುರದ ಅಂಗಡಿಯವರನ್ನಾಗಲಿ ನಮ್ಮ ಮುಂದೆ ಬಂದಿರುವವರನ್ನಾಗಲಿ ಮೋಸಗಾರರೆಂದು ನಾವು ಹೇಳುತ್ತಿಲ್ಲ. ನಮಗೆ ತಿಳಿದಮಟ್ಟಿಗೆ ಅಲ್ಲಿ ನಡೆದಿರುವುದು ಸೋಮಾರಿತನ. ಒಂದೇ ಅಚ್ಚಿನಲ್ಲಿ ಎಲ್ಲವನ್ನೂ ಎರಕ ಹೊಯ್ಯುವುದು ಸುಲಭ, ಹೊಯ್ದಿದ್ದಾರೆ. ಸೋಮಾರಿತನದಿಂದಾದ ನಷ್ಟವೂ ನಷ್ಟವೇ. ಹಿಂದೆ ಅದು ಒಂದು ಕಾಗದಕ್ಕೆ ಸೀಮಿತವಾಗಿರುತ್ತಿತ್ತು. ಈಗ ಸಾವಿರ ಕಾಗದಗಳಿಗೆ ಒಂದು ಕ್ಷಣದಲ್ಲಿ ಹಬ್ಬುತ್ತದೆ.

"ನಾವೇನೂ ಸಹಿ ಹಾಕಿಲ್ಲವಲ್ಲ, ಗಣಕಯಂತ್ರ ತಾನಾಗಿ ಬರೆದದ್ದು ನಮ್ಮನ್ನು ಹೇಗೆ ಕಟ್ಟಿಹಾಕೀತು?" ಎಂದು ಸದಸ್ಯರೊಬ್ಬರು ಕೇಳಿದರು. ಈ ಪ್ರಶ್ನೆಗೆ ಉತ್ತರ ಹೇಳುವುದು ನಮ್ಮ ಕರ್ತವ್ಯ, ಉತ್ತರ ಹಿತಕರವಾಗಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2008ರಲ್ಲಿ ತಿದ್ದುಪಡಿಯಾಗಿ 10ಎ ಎಂಬ ಕಲಮು ಸೇರಿತು. ವಿದ್ಯುನ್ಮಾನ ರೂಪದಲ್ಲಿ ನಡೆದಿದೆ ಎಂಬ ಒಂದೇ ಕಾರಣಕ್ಕೆ ಕರಾರನ್ನು ಅಸಿಂಧುವೆನ್ನುವಂತಿಲ್ಲ ಎಂಬುದು ಅದರ ತಾತ್ಪರ್ಯ. ಅದೇ ಕಾಯ್ದೆಯ 11ನೆಯ ಕಲಮು ಇನ್ನೂ ಮುಂದೆ ಹೋಗುತ್ತದೆ. ಒಬ್ಬರು ತಾವೇ ಕಳಿಸಿದ್ದು, ಅವರ ಪರವಾಗಿ ಅಧಿಕಾರವುಳ್ಳವರು ಕಳಿಸಿದ್ದು, ಇವಲ್ಲದೆ ಅವರು ಅಥವಾ ಅವರ ಪರವಾಗಿ ಬೇರೆಯವರು ತಾನಾಗಿ ಕೆಲಸಮಾಡುವಂತೆ ಅಳವಡಿಸಿದ ವ್ಯವಸ್ಥೆ ಕಳಿಸಿದ್ದು, ಇವೆಲ್ಲವೂ ಅವರೇ ಕಳಿಸಿದ್ದೆಂದು ಎಣಿಸಲ್ಪಡುತ್ತವೆ. ಅರ್ಥಾತ್, ಸಂಘದ ಗಣಕಯಂತ್ರಕ್ಕೆ "ಬಿಲ್ಲು ಬಂದೊಡನೆ ಕರಾರಿನ ಚೀಟಿ ಕಳಿಸು" ಎಂದು ನಾವು ಒಪ್ಪಿಗೆ ಕೊಟ್ಟರೆ, ರಾತ್ರಿ 2 ಗಂಟೆಗೆ ನಾವೆಲ್ಲ ಮಲಗಿರುವಾಗ ಹೋದ ಚೀಟಿಯೂ ಸಂಘದ ಚೀಟಿಯೇ. ಯಂತ್ರ ಮಾಡಿತು ಎಂಬ ನೆಪ ಅಲ್ಲಿ ನಡೆಯುವುದಿಲ್ಲ.

ಆದರೆ ಸಂಘ ಚೀಟಿ ಕಳಿಸಿದ ಮಾತ್ರಕ್ಕೆ ಸದಸ್ಯರು ಒಪ್ಪಿದಂತೆ ಆಗುತ್ತದೆಯೇ? ಇದು ಬೇರೆ ಪ್ರಶ್ನೆ, ಇದೇ ಮುಖ್ಯ ಪ್ರಶ್ನೆ. 1872ರ ಕರಾರು ಕಾಯ್ದೆ ಹಳೆಯದು; ಅದರ 13ನೆಯ ಕಲಮಿನ ತಿರುಳು ಮಾತ್ರ ಇಂದಿಗೂ ಹೊಸದು. ಇಬ್ಬರೂ ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದರೆ ಅದು ಸಮ್ಮತಿ. ಇಂಗ್ಲಿಷಿನಲ್ಲಿ ತುಂಬಿದ, ಸದಸ್ಯರು ಕಣ್ಣಿನಿಂದಲೂ ನೋಡದ ಕಾಗದದಲ್ಲಿ ಯಾವ ಅರ್ಥ, ಯಾರ ಸಮ್ಮತಿ? ಹಾಗೆಂದು ಕಾಯ್ದೆ ಕಾಪಾಡೀತೆಂದು ಕೈಕಟ್ಟಿ ಕೂರುವಂತೆಯೂ ಇಲ್ಲ. ಒಮ್ಮೆ ಬೆರಳೊತ್ತಿಯೋ ಮೊಬೈಲಿಗೆ ಬಂದ ಸಂಖ್ಯೆ ಹೇಳಿಯೋ ಒಪ್ಪಿಗೆ ಕೊಟ್ಟವರು ಆಮೇಲೆ "ಓದಿರಲಿಲ್ಲ" ಎಂದರೆ ನ್ಯಾಯಾಲಯಗಳು ಸುಲಭವಾಗಿ ಒಪ್ಪುವುದಿಲ್ಲ. ಮೊಬೈಲಿಗೆ ಬಂದ ಸಂಖ್ಯೆಯನ್ನು ಅಂಗಡಿಯ ಹುಡುಗನಿಗೆ ಓದಿ ಹೇಳುವುದೆಂದರೆ ಹೆಬ್ಬೆಟ್ಟು ಒತ್ತಿಕೊಟ್ಟಷ್ಟೇ ಸರಿ ಎಂಬುದನ್ನು ನಮ್ಮ ಮನೆಗಳಲ್ಲಿ ಎಲ್ಲರಿಗೂ ತಿಳಿಸಬೇಕು.

ಗ್ರಾಹಕರ ಪರವಾಗಿಯೂ ಕಾನೂನು ಇಲ್ಲದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನ್ಯಾಯದ ಕರಾರು ಎಂಬ ಕಲ್ಪನೆಗೇ ಸ್ಥಾನವಿದೆ. ಸ್ವಂತ ದುಡಿಮೆಯ ಜೀವನೋಪಾಯಕ್ಕೆಂದು ಯಂತ್ರ ಕೊಂಡ ಸಣ್ಣ ಬೆಳೆಗಾರರು ಅದರ ಆಶ್ರಯಕ್ಕೆ ಬರುತ್ತಾರೆ. 2023ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಗಳು ಆನ್‌ಲೈನ್ ವ್ಯಾಪಾರದ 13 ಬಗೆಯ ಕುಯುಕ್ತಿಗಳನ್ನು ಹೆಸರಿಸಿವೆ. ಕೇಳದೆಯೇ ಸಾಮಾನಿನೊಡನೆ ಇನ್ನೊಂದನ್ನು ಸೇರಿಸುವುದು, ಸೇರಿಸಿಕೊಂಡ ಮೇಲೆ ಬಿಡಿಸಿಕೊಳ್ಳುವ ದಾರಿಯನ್ನು ಕಠಿಣ ಮಾಡುವುದು, ಎರಡೂ ಆ ಪಟ್ಟಿಯಲ್ಲಿವೆ. ಆದರೆ 3,540 ರೂಪಾಯಿಗಾಗಿ ಕೊಯ್ಲಿನ ಕಾಲದಲ್ಲಿ ತೋಟ ಬಿಟ್ಟು ಜಿಲ್ಲಾ ಆಯೋಗಕ್ಕೆ ಅಲೆಯುವ ಸದಸ್ಯರೆಷ್ಟು ಮಂದಿ? ನಾವಂತೂ ಹೆಚ್ಚು ಮಂದಿಯನ್ನು ಕಾಣೆವು. ಆದ್ದರಿಂದ ಗಾದಿಯನ್ನು ಬಾಗಿಲಲ್ಲೇ ಕಾಯಬೇಕು.

ಬಾಗಿಲು ಕಾಯುವುದು ಹೇಗೆಂಬುದಕ್ಕೆ ನಮ್ಮ ರಾಜ್ಯದಲ್ಲೇ ಒಳ್ಳೆಯ ಮೇಲ್ಪಂಕ್ತಿಗಳಿವೆ. ಪಹಣಿಗಳನ್ನು ಗಣಕಕ್ಕೆ ಏರಿಸಿದ ಭೂಮಿ ಯೋಜನೆಯನ್ನು ನೆನೆಯಿರಿ. ಶಾನುಭೋಗರ ಕಾಲದಿಂದ ಕೈಬರಹದಲ್ಲಿದ್ದ ದಾಖಲೆ ಯಂತ್ರಕ್ಕೆ ಹೋದಾಗ, ಯಾರು ಬದಲಾಯಿಸಿದರೆಂಬುದಕ್ಕೆ ಗುರುತು ಉಳಿಯಲೆಂದು ಅಧಿಕಾರಿಯ ಬೆರಳಚ್ಚಿಲ್ಲದೆ ತಿದ್ದುವಂತಿಲ್ಲವೆಂದು ಕಟ್ಟುಮಾಡಿದರು. ಖಾತೆ ಬದಲಾವಣೆಗೆ ನೋಟಿಸು ಕೊಟ್ಟು, ತಕರಾರಿಗೆ ದಿನಗಳನ್ನು ಬಿಟ್ಟು, ಆಮೇಲೆ ಮಂಜೂರು ಮಾಡುವ ಕ್ರಮವನ್ನು ಯಂತ್ರ ಬಂದಿತೆಂದು ಕೈಬಿಡಲಿಲ್ಲ. ಯಂತ್ರದ ವೇಗ ಬೇರೆ, ಒಪ್ಪಿಗೆಯ ವೇಗ ಬೇರೆ ಎಂಬುದನ್ನು ಅವರು ಮರೆತಿರಲಿಲ್ಲ. ಕಲಬುರಗಿಯ ತೊಗರಿಯವರಿಗೂ ಇದು ಪರಿಚಿತ. ರಾಜ್ಯ ಸರ್ಕಾರ 2014ರಲ್ಲಿ ಎನ್‌ಸಿಡಿಇಎಕ್ಸ್ ಸಮೂಹದೊಡನೆ ಸೇರಿ ಕಟ್ಟಿದ ಏಕೀಕೃತ ಮಾರುಕಟ್ಟೆ ವ್ಯವಸ್ಥೆಯಲ್ಲಿ ಬಿಡ್ಡುಗಳನ್ನು ಹೋಲಿಸಿ ಹೆಚ್ಚಿನದನ್ನು ಆರಿಸುವುದು ಗಣಕಯಂತ್ರ. ಆ ಬೆಲೆ ಒಗ್ಗದಿದ್ದರೆ ಬೇಡವೆನ್ನುವ ಹಕ್ಕನ್ನು ಮಾತ್ರ ಮಾಲಿನ ಒಡೆಯರಿಗೇ ಉಳಿಸಿದರು. ತೊಗರಿ ಮಾರುವಾಗ ಇರುವ ಹಕ್ಕು ಪಂಪು ಕೊಂಡಾಗ ಏಕಿರಬಾರದು?

ತಂತ್ರಾಂಶಗಳಲ್ಲೂ ಇದಕ್ಕೆ ಜಾಗವಿದೆ ಎಂಬುದೇ ಸ್ವಾರಸ್ಯ. ನಾವು ಮೇಲೆ ಹೇಳಿದ ತಂತ್ರಾಂಶದಲ್ಲಿ ಕರಾರಿಗೆ ನಾಲ್ಕು ಸ್ಥಿತಿಗಳುಂಟು: ಕರಡು, ತಡೆಹಿಡಿದದ್ದು, ಅನುಮೋದನೆಯಾದದ್ದು, ಕೊನೆಗೊಳಿಸಿದ್ದು. ಭಾರತದಲ್ಲೇ ತಯಾರಾದ, ಯಾರು ಬೇಕಾದರೂ ಹಾಕಿಕೊಳ್ಳಬಹುದಾದ ಇಆರ್‌ಪಿ ನೆಕ್ಸ್ಟ್ ಎಂಬುದರಲ್ಲಿಯೂ ಸಹಿಯಾಗುವವರೆಗೆ ಕರಾರು ಸಹಿಯಾಗದ್ದು ಎಂದೇ ಕೂತಿರುತ್ತದೆ. ಎಪಿಐ ಕಳಿಸುವ ಚೀಟಿಯಲ್ಲಿ ಸ್ಥಿತಿಯ ಅಂಕಣಕ್ಕೆ "ಕರಡು" ಎಂದು ಬರೆದರೆ ಕರಡಾಗುತ್ತದೆ. "ಅನುಮೋದಿತ" ಎಂದು ಬರೆದರೆ ಆ ಕ್ಷಣಕ್ಕೆ ಜಾರಿಗೆ ಬರುತ್ತದೆ. ನಮ್ಮ ಮುಂದಿರುವ ಪ್ರಸ್ತಾಪದಲ್ಲಿ ಅನುಮೋದಿತ ಎಂದೇ ಇದೆ. ಬದಲಾಗಬೇಕಾದದ್ದು ಒಂದು ಪದ. ಆ ಒಂದು ಪದಕ್ಕಾಗಿ ಈ ಲೇಖನವನ್ನು ಬರೆಯುತ್ತಿದ್ದೇವೆಂದರೂ ಸರಿಯೇ.

ಯಂತ್ರವೇ ಬೇಡ, ಹಳೆಯ ಲೆಡ್ಜರೇ ಸಾಕು ಎನ್ನುವ ಹಿರಿಯರು ನಮ್ಮಲ್ಲಿದ್ದಾರೆ. ಅವರೊಡನೆ ನಾವು ಕೂಡಲಾರೆವು. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕಕ್ಕೆ ತರುವ 2,516 ಕೋಟಿ ರೂಪಾಯಿಯ ಯೋಜನೆಯನ್ನು ಕೇಂದ್ರ 2022ರ ಜೂನಿನಲ್ಲಿ ಮಂಜೂರು ಮಾಡಿದ ಮೇಲೆ ಸಹಕಾರ ಕ್ಷೇತ್ರದ ದಿಕ್ಕು ಯಾವುದೆಂಬುದು ಸ್ಪಷ್ಟವಾಗಿದೆ. ಲಾಭವೂ ನಿಜ. ಜೂನ್ ತಿಂಗಳ ಒಂದೇ ವಾರದಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ನೂರಾರು ಪಂಪುಗಳಲ್ಲಿ ಯಾವುದರ ಕರಾರು ಮೇ ತಿಂಗಳಲ್ಲೇ ತೀರಿದೆ ಎಂಬುದನ್ನು ನಾವು ಲೆಡ್ಜರು ತಿರುವಿ ಹುಡುಕುವುದರೊಳಗೆ ಮಳೆ ಹಿಡಿದಿರುತ್ತದೆ. ಯಂತ್ರದ ಕ್ರಮಸಂಖ್ಯೆ ಒತ್ತಿದರೆ ಅದರ ಜಾತಕವೆಲ್ಲ, ಎಂದು ಕೊಂಡದ್ದು, ಯಾವ ವಾಷರ್ ಎಷ್ಟು ಸಲ ಹೋಯಿತು, ಯಾರು ಬಂದು ನೋಡಿದರು ಎಂಬುದು ಕಣ್ಣ ಮುಂದೆ ಬರುವುದು ಸಣ್ಣ ಸೌಕರ್ಯವಲ್ಲ. ಒಂದೇ ಪಂಪು ಮೂರು ವರ್ಷದಲ್ಲಿ ಏಳು ಸಲ ಕೆಟ್ಟಿದ್ದರೆ ಅಂಥದ್ದನ್ನು ಮಾರಿದವರನ್ನು ಕೇಳಲು ನಮ್ಮ ಕೈಯಲ್ಲಿ ಕಾಗದವಿರುತ್ತದೆ. ಸದಸ್ಯರು ಒಬ್ಬೊಬ್ಬರಾಗಿ ಹೋಗಿ ಕೇಳಿದರೆ ಸಿಗದ ದರ 400 ಮಂದಿ ಒಟ್ಟಾಗಿ ಕೇಳಿದರೆ ಸಿಗುತ್ತದೆ. ಸಹಕಾರ ಸಂಘವೆಂದು ಹೆಸರಿಟ್ಟುಕೊಂಡಿರುವುದೇ ಅದಕ್ಕಾಗಿ.

ಆದರೆ ಒಟ್ಟಾಗಿ ಕೇಳಬೇಕಾದದ್ದು ಏನನ್ನು? ಹನ್ನೆರಡು ತಿಂಗಳ ಸಮಪಾಲು ಸೇವೆ ನಮಗೆ ಬೇಕಾಗಿಯೇ ಇಲ್ಲ. ಸಿಂಪಡಣೆಯ ಪಂಪಿಗೆ ಕೆಲಸ ಮಳೆಗೆ ಮುಂಚಿನ ವಾರಗಳಲ್ಲಿ, ಮತ್ತೆ 40-45 ದಿನ ಬಿಟ್ಟು ಎರಡನೆಯ ಸಲ. ಪಲ್ಪರಿಗೆ ಕೆಲಸ ಹಣ್ಣು ಕೊಯ್ಯುವ ಚಳಿಗಾಲದ ತಿಂಗಳುಗಳಲ್ಲಿ, ಅದೂ ಕೊಯ್ದ ಹಣ್ಣನ್ನು ಅಂದೇ ಸುಲಿಯಬೇಕಾದ್ದರಿಂದ ಕತ್ತಲಾದ ಮೇಲೆ. ಫೆಬ್ರವರಿ-ಮಾರ್ಚಿನಲ್ಲಿ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಮೋಟಾರಿಗೆ ಒಂದು ವಾರ ತಡೆಯುವ ವ್ಯವಧಾನವಿಲ್ಲ, ಮೊಗ್ಗು ಕಾಯುವುದಿಲ್ಲ. ಆ ದಿನಗಳಲ್ಲಿ ರಾತ್ರಿ 10ಕ್ಕೆ ಫೋನು ಎತ್ತುವವರು ಬೇಕು, ಭಾನುವಾರವೂ ಬೇಕು, 48 ಗಂಟೆಯಲ್ಲ 12 ಗಂಟೆಯೊಳಗೆ ಬರಬೇಕು. ಉಳಿದ ತಿಂಗಳುಗಳಲ್ಲಿ ವಾರ ಬಿಟ್ಟು ಬಂದರೂ ತಕರಾರಿಲ್ಲ. ವಾರದ ದಿನ, ಗಂಟೆ, ಉತ್ತರದ ಅವಧಿ ಎಲ್ಲಕ್ಕೂ ಅಂಕಣವಿದೆಯೆಂದ ಮೇಲೆ, ಕಾಫಿಗೊಂದು ಅಡಿಕೆಗೊಂದು ಮಾದರಿ ಮಾಡಿ ನಮ್ಮ ಋತುವನ್ನು ಅದರಲ್ಲಿ ಬರೆಯಿಸಲು ಅಡ್ಡಿಯೇನು? ಕಮಲಾಪುರದ ಬಾಳೆಯವರಿಗೂ ಹೀಗೆಯೇ ಒಂದೂವರೆ ವರ್ಷದ ವಾಯಿದೆಯ ಮಾದರಿ ಬೇಕಿತ್ತು. ಅವರ ಪರವಾಗಿ ಒಟ್ಟಾಗಿ ಕೇಳುವ ಸಂಘ ಅಲ್ಲಿ ಇರಲಿಲ್ಲ, ನಮ್ಮಲ್ಲಿ ಇದೆ.

ಬೆಳೆಯ ಬಾಬ್ತಿನಿಂದ ಶುಲ್ಕ ಕಳೆಯುವ ವಿಚಾರದಲ್ಲಿ ನಮ್ಮ ನಿಲುವು ಗಡುಸಾದದ್ದು. ಸಾಲದ ಕಂತನ್ನು ಬಾಬ್ತಿನಿಂದ ಮುರಿದುಕೊಳ್ಳುವುದಕ್ಕೆ ಸದಸ್ಯರು ಬರೆದುಕೊಟ್ಟ ಒಪ್ಪಿಗೆ ಕಡತದಲ್ಲಿರುತ್ತದೆ. ಹೊರಗಿನ ವ್ಯಾಪಾರಿಯ ಶುಲ್ಕವನ್ನು ಅದೇ ಸಾಲಿನಲ್ಲಿ ಕೂರಿಸುವುದು ಸಂಘದ ಮೇಲಿನ ನಂಬಿಕೆಯನ್ನು ಇನ್ನೊಬ್ಬರಿಗೆ ಬಾಡಿಗೆಗೆ ಕೊಟ್ಟಂತೆ. ಆಯಾ ಸದಸ್ಯರು ಆಯಾ ವರ್ಷಕ್ಕೆ ಕನ್ನಡದ ಕಾಗದದ ಮೇಲೆ ಒಪ್ಪದ ಹೊರತು ಒಂದು ರೂಪಾಯಿಯನ್ನೂ ಮುರಿಯಬಾರದು. ನವೀಕರಣದ ಅಂಕಣದಲ್ಲಿ "ಇಲ್ಲ" ಎಂದೇ ಇರಬೇಕು. ಜ್ಞಾಪನೆಯ ಅಂಕಣದಲ್ಲಿ 30 ದಿನ ಎಂದಿರಲಿ. ಬೇಕಾದವರು ಬಂದು ಮುಂದುವರಿಸುತ್ತಾರೆ.

ಇನ್ನೊಂದು ಮಾತು, ಹೊರನೋಟಕ್ಕೆ ಸಣ್ಣದು. ಎಪಿಐ ಕಿಂಡಿ ತೆರೆಯಲು ಒಂದು ಗುಪ್ತ ಕೀಲಿ ಇರುತ್ತದೆ. ಅದು ಯಾರ ಬಳಿ ಇರುತ್ತದೋ ಅವರು ಸಂಘದ ಹೆಸರಿನಲ್ಲಿ ಚೀಟಿ ಬರೆಯಬಲ್ಲರು. ಈಗಿನ ಪ್ರಸ್ತಾಪದಂತೆ ಅದು ವ್ಯಾಪಾರಿಯ ತಂತ್ರಾಂಶದವರ ಬಳಿ. ಗೋದಾಮಿನ ಬೀಗದ ಕೈಯನ್ನು ಗೊಬ್ಬರ ಮಾರುವವರಿಗೆ ಕೊಟ್ಟು ಮನೆಗೆ ಹೋಗುವ ಕಾರ್ಯದರ್ಶಿಯನ್ನು ನೀವು ಮರುದಿನವೇ ಮನೆಗೆ ಕಳಿಸುತ್ತೀರಿ. ಕೀಲಿ ಸಂಘದ ಬಳಿಯೇ ಇರಬೇಕು, ಕರಡು ಬರೆಯುವುದಕ್ಕಷ್ಟೇ ಅದಕ್ಕೆ ಅಧಿಕಾರವಿರಬೇಕು, ಅನುಮೋದನೆಗೆ ಬೇರೆ ಕೀಲಿ, ಬೇರೆ ಕೈ ಇರಬೇಕು. ಸದಸ್ಯರ ಪಟ್ಟಿಯಲ್ಲಿ ಯಂತ್ರ ಕೊಂಡವರ ಹೆಸರು, ವಿಳಾಸ, ದೂರವಾಣಿ ಬಿಟ್ಟು ಎಕರೆ, ಇಳುವರಿ, ಸಾಲ ಯಾವುದೂ ಆ ಕಿಂಡಿಯಾಚೆ ಹೋಗಬಾರದು. ವೈಯಕ್ತಿಕ ಮಾಹಿತಿಯ ಬಗ್ಗೆ 2023ರಲ್ಲಿ ಆದ ಕಾಯ್ದೆಯು, ಒಪ್ಪಿಗೆ ಕೇಳುವ ಕಾಗದವನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಓದುವ ಅವಕಾಶ ಕೊಡಬೇಕೆನ್ನುತ್ತದೆ. ಕನ್ನಡದಲ್ಲಿ ಕೊಡಿ ಎಂದು ನಾವು ಕೇಳುವುದರಲ್ಲಿ ಅತಿಯಾದದ್ದೇನೂ ಇಲ್ಲ.

ಈ ಎಲ್ಲವನ್ನೂ ವ್ಯಾಪಾರಿ ಸಂಸ್ಥೆಯವರಿಗೆ ಬರೆದು ತಿಳಿಸಿದ್ದೇವೆ. ಕರಡಿನ ಸ್ಥಿತಿಗೆ, ವಾರಂಟಿ ಮುಗಿದ ಮರುದಿನದಿಂದ ಆರಂಭಕ್ಕೆ ಅವರು ಒಪ್ಪಿದ್ದಾರೆ. ನವೀಕರಣದ ವಿಚಾರದಲ್ಲಿ ಇನ್ನೂ ಹಗ್ಗಜಗ್ಗಾಟ ನಡೆದಿದೆ. ಅವರು ಒಪ್ಪದಿದ್ದರೆ ಪ್ರಸ್ತಾಪವನ್ನು ತಿರಸ್ಕರಿಸಬೇಕೆಂದು ಆಡಳಿತ ಮಂಡಳಿಗೆ ನಾವು ಸಲಹೆ ಮಾಡಿದ್ದೇವೆ. ನಿರ್ದೇಶಕರಲ್ಲಿ ಇಬ್ಬರಿಗೆ ಇದು ಹಿಡಿಸಿಲ್ಲ, ಅವರ ಅಭಿಪ್ರಾಯಕ್ಕೂ ಮುಂದಿನ ಸಂಚಿಕೆಯಲ್ಲಿ ಸ್ಥಳವಿದೆ.

ಕಾಫಿ ಮತ್ತು ಅಡಿಕೆಯ ಎರಡು ಮಾದರಿಗಳ ಕನ್ನಡ ಕರಡು ಸಂಘದ ಕಚೇರಿಯ ಮೇಜಿನ ಮೇಲಿದೆ. ಪ್ರಯಾಣದ ಅಂಕಣವನ್ನು ಮಾತ್ರ ಖಾಲಿ ಬಿಟ್ಟಿದ್ದೇವೆ. ಮಳೆಗಾಲದಲ್ಲಿ ಹೊಳೆಯಾಚೆಗೆ ಜೀಪು ಹೋಗದ, ಸಂಕದ ಮೇಲೆ ಯಂತ್ರ ಹೊತ್ತು ತರಬೇಕಾದ ತೋಟಗಳೆಷ್ಟು, ಟಾರು ರಸ್ತೆಯಿಂದ ಎಷ್ಟು ದೂರ ಎಂಬ ಲೆಕ್ಕ ಸದಸ್ಯರಿಂದಲೇ ಬರಬೇಕಾಗಿದೆ. ಸಭೆಗೆ ಮುಂಚೆ ಬಂದು ಅವರವರ ತೋಟದ ದಾರಿಯನ್ನು ಬರೆದುಕೊಟ್ಟು ಹೋಗಬೇಕಾಗಿ ವಿನಂತಿ.